ನಾಲ್ಕನೇ ವರ್ಷದ ಲೆಕ್ಕ: ವಿದೇಶಿ ಕಲಾಶಾಲೆ ಆರಿಸುವ ಕೊರಿಯಾದ ಮಕ್ಕಳು

ವಿದೇಶದಲ್ಲಿ ಕಲೆ ಓದುವುದರ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನನಗೆ ಹತ್ತಿರದಿಂದ ಗೊತ್ತಿರುವುದು ಕೊರಿಯಾದ ಮಕ್ಕಳ ವಿಷಯ. ಸಿಯೋಲ್‌ನಲ್ಲಿದ್ದಾಗ ನನ್ನ ಕೆಲಸವೇ ಅದಾಗಿತ್ತು. ಹೊರದೇಶದ ಕಲಾಶಾಲೆಗೆ ಅರ್ಜಿ ಹಾಕುವವರು ತಮ್ಮ ಚಿತ್ರಗಳ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆದು ಕೊಡಬೇಕು. ಆ ಬರಹವನ್ನು ಅವರ ಪಕ್ಕ ಕೂತು ತಿದ್ದುತ್ತಿದ್ದೆ. ತಿದ್ದುವ ನೆಪದಲ್ಲಿ ಅವರ ಚಿತ್ರಗಳನ್ನು ನೋಡುತ್ತಿದ್ದೆ, ಅವರ ಮನೆಯ ಮಾತು ಕೇಳುತ್ತಿದ್ದೆ. ಕೊನೆಗೆ ಎರಡು ಮೂರು ಶಾಲೆಗಳಿಂದ ಒಪ್ಪಿಗೆ ಪತ್ರ ಬಂದಾಗ, ‘ಯಾವುದಕ್ಕೆ ಹೋಗಲಿ?’ ಅಂತ ನನ್ನನ್ನೂ ಕೇಳುತ್ತಿದ್ದರು.

ನಾನು ಇವತ್ತು ಹೇಳುವುದು ಒಂದೇ ಮಾತಿನ ಸುತ್ತ ಇರುತ್ತದೆ. ಅದನ್ನು ಈಗಲೇ ಹೇಳಿಬಿಡುತ್ತೇನೆ. ಕಲಾಶಾಲೆಯಲ್ಲಿ ನಿಮ್ಮದು ಅನ್ನುವಂಥ ಕೆಲಸ ಹುಟ್ಟುವುದು ಕೊನೆಯ ವರ್ಷದಲ್ಲಿ. ಮೊದಲ ಎರಡು ವರ್ಷ ಹಳೆಯ ಅಭ್ಯಾಸ ಬಿಡುವುದರಲ್ಲೇ ಕಳೆಯುತ್ತದೆ. ಹಾಗಾಗಿ ಕೊನೆಯ ವರ್ಷದವರೆಗೂ ಗಟ್ಟಿಯಾಗಿ ನಿಲ್ಲಬಲ್ಲ ಶಾಲೆ ಯಾವುದು ಅಂತ ನೋಡಿ. ಯಾವ ಶಾಲೆಯ ಹೆಸರು ಎಷ್ಟು ದೊಡ್ಡದು ಅನ್ನುವ ಪಟ್ಟಿ ಆಮೇಲೆ ನೋಡಿದರಾಯಿತು.

ಹಳೆಯ ಅಭ್ಯಾಸ ಅಂದೆನಲ್ಲ, ಅದು ಏನು ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ಸಿಯೋಲ್‌ನಲ್ಲಿ ಹೊಂಗಿಕ್ ವಿಶ್ವವಿದ್ಯಾಲಯದ ಸುತ್ತಲಿನ ಪ್ರದೇಶಕ್ಕೆ ಹೊಂಗ್‌ಡೇ ಅನ್ನುತ್ತಾರೆ. ಪ್ರವಾಸಕ್ಕೆ ಹೋದವರು ಅಲ್ಲಿ ಬೀದಿ ಹಾಡುಗಾರರನ್ನು ನೋಡುತ್ತಾರೆ, ಕಾಫಿ ಕುಡಿಯುತ್ತಾರೆ, ಬಟ್ಟೆ ಕೊಳ್ಳುತ್ತಾರೆ. ಅದೇ ಬೀದಿಗಳಲ್ಲಿ ಮೇಲಿನ ಮಹಡಿಗಳನ್ನು ನೋಡಿದರೆ ಕಲಾ ಹಗ್ವನ್‌ಗಳು ಕಾಣುತ್ತವೆ. ಹಗ್ವನ್ ಅಂದರೆ ಖಾಸಗಿ ಟ್ಯೂಷನ್ ಕೇಂದ್ರ. ನಮ್ಮಲ್ಲಿ ನೀಟ್‌ಗೆ ಕೋಚಿಂಗ್ ಇರುವ ಹಾಗೆ ಅಲ್ಲಿ ಚಿತ್ರಕಲೆಗೂ ಇದೆ. ಅಲ್ಲಿ ಕಲಿಸುವ ಕಲೆಗೆ ಇಪ್ಸಿ ಮಿಸುಲ್ ಅಂತ ಹೆಸರು, ಅಂದರೆ ಪ್ರವೇಶ ಪರೀಕ್ಷೆಯ ಕಲೆ.

ಒಳಗೆ ಹೋದರೆ ಪ್ಲಾಸ್ಟರ್ ತಲೆಗಳು. ಅಗ್ರಿಪ್ಪ, ವೀನಸ್, ಜೂಲಿಯನ್. ಗ್ರೀಕರ, ರೋಮನ್ನರ, ಇಟಲಿಯವರ ಮುಖಗಳು ಸಿಯೋಲ್‌ನ ಟ್ಯೂಬ್‌ಲೈಟ್ ಬೆಳಕಿನಲ್ಲಿ ಸಾಲಾಗಿ ನಿಂತಿರುತ್ತವೆ. ತಲೆಮಾರುಗಳ ಕಾಲ ಕೊರಿಯಾದ ಕಲಾವಿದ್ಯಾರ್ಥಿಗಳು ಈ ಮುಖಗಳನ್ನು ಪೆನ್ಸಿಲ್‌ನಲ್ಲಿ ತೆಗೆದು ತೆಗೆದು ಕಣ್ಣು ಮುಚ್ಚಿದರೂ ಬರೆಯುವಷ್ಟು ಕಲಿತಿದ್ದಾರೆ. ಈಚೆಗೆ ತಲೆಗಳ ಜಾಗಕ್ಕೆ ಬೇರೆ ವಸ್ತುಗಳು ಬಂದಿವೆ. ಒಂದು ಪ್ಲಾಸ್ಟಿಕ್ ಬಾಟಲಿ, ಒಂದು ಜೊತೆ ರಬ್ಬರ್ ಕೈಗವಸು ಕೊಟ್ಟು ‘ಇದರಿಂದ ಒಂದು ಸಂಯೋಜನೆ ಮಾಡು’ ಅನ್ನುತ್ತಾರೆ. ನಾಲ್ಕೈದು ಗಂಟೆಯಲ್ಲಿ ದೊಡ್ಡ ಹಾಳೆ ತುಂಬಬೇಕು. ನವೆಂಬರ್‌ನಲ್ಲಿ ಸುನಂಗ್ ಪರೀಕ್ಷೆ, ಅಂದರೆ ಅವರ ದೇಶದ ಕಾಲೇಜು ಪ್ರವೇಶ ಪರೀಕ್ಷೆ, ಮುಗಿಯಿತು ಅನ್ನಿ. ಅಲ್ಲಿಂದ ಜನವರಿಯ ಪ್ರಾಯೋಗಿಕ ಪರೀಕ್ಷೆವರೆಗೆ ಮಕ್ಕಳು ಬೆಳಗಿನಿಂದ ರಾತ್ರಿವರೆಗೆ ಹಗ್ವನ್‌ನಲ್ಲೇ ಇರುತ್ತಾರೆ. ರಾತ್ರಿ 10ಕ್ಕೆ ಹಗ್ವನ್ ಮುಚ್ಚಬೇಕು ಅಂತ ಸಿಯೋಲ್‌ನಲ್ಲಿ ನಿಯಮವೇ ಇದೆ. ಅಂಥ ನಿಯಮ ಮಾಡಬೇಕಾಗಿ ಬಂತು ಅಂದರೆ ಪರಿಸ್ಥಿತಿ ಹೇಗಿತ್ತು ಅಂತ ನೀವೇ ಊಹಿಸಿ.

ನಾನು ಒಂದು ದೃಶ್ಯವನ್ನು ಮತ್ತೆ ಮತ್ತೆ ನೋಡಿದ್ದೇನೆ. ಹುಡುಗಿ ಎರಡು ಗಂಟೆಯಿಂದ ಜೂಲಿಯನ್‌ನ ಮೂಗಿನ ಜೊತೆ ಗುದ್ದಾಡುತ್ತಿದ್ದಾಳೆ. ಮೇಷ್ಟ್ರು ಬರುತ್ತಾರೆ. ಅವಳು ಎದ್ದು ನಿಲ್ಲುತ್ತಾಳೆ. ಮೇಷ್ಟ್ರು ಅವಳ ಕುರ್ಚಿಯಲ್ಲಿ ಕೂತು, ಅವಳದೇ ಪೆನ್ಸಿಲ್ ತಗೊಂಡು, ಅವಳ ಹಾಳೆಯ ಮೇಲೆಯೇ ನೆರಳು ತಿದ್ದುತ್ತಾರೆ. ಎರಡು ನಿಮಿಷ. ಮೂಗು ಹಾಳೆಯಿಂದ ಎದ್ದು ಬರುತ್ತದೆ. ಅವಳು ತಲೆ ಬಗ್ಗಿಸಿ ಥ್ಯಾಂಕ್ಸ್ ಹೇಳಿ ಮತ್ತೆ ಕೂರುತ್ತಾಳೆ. ಈ ವಿಧಾನವನ್ನು ನಾನು ಹೀಗಳೆಯುವುದಿಲ್ಲ. ಅದರಿಂದ ಬರುವ ಕೈಚಳಕ ನಿಜವಾದದ್ದು. ಆದರೆ ಎಲ್ಲಿ ತಪ್ಪಿದೆ, ಹೇಗೆ ಸರಿಮಾಡಬೇಕು ಅನ್ನುವುದು ಯಾವಾಗಲೂ ಬೇರೆಯವರ ಕೈಯಿಂದ ಬರುತ್ತದೆ. ಏನು ಬರೆಯಬೇಕು ಅನ್ನುವುದೂ ಬೇರೆಯವರಿಂದಲೇ ಬರುತ್ತದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕೊರಿಯಾದವರಿಗೇ ಇದು ಕಾಣಲಿಲ್ಲ ಅಂತಲ್ಲ. ಹೊಂಗಿಕ್ ವಿಶ್ವವಿದ್ಯಾಲಯ 2009ರಲ್ಲಿ ದೊಡ್ಡ ನಿರ್ಧಾರ ಮಾಡಿತು. ಪ್ರಾಯೋಗಿಕ ಪರೀಕ್ಷೆಯನ್ನು ಹಂತಹಂತವಾಗಿ ಕೈಬಿಡುತ್ತೇವೆ ಅಂತ ಹೇಳಿ, 2013ರ ಹೊತ್ತಿಗೆ ಪೂರ್ತಿ ಬಿಟ್ಟಿತು. ಅದರ ಬದಲು ವಿದ್ಯಾರ್ಥಿ ಶಾಲೆಯಲ್ಲಿ ಏನೇನು ಕಲಾ ಚಟುವಟಿಕೆ ಮಾಡಿದ ಅನ್ನುವ ವರದಿ ಕೇಳಿತು. ಆಮೇಲೆ ಏನಾಯಿತು ಗೊತ್ತಾ? ಆ ವರದಿ ಬರೆಯುವುದನ್ನೂ ಹಗ್ವನ್‌ಗಳು ಕಲಿಸಲು ಶುರುಮಾಡಿದವು.

ಹೊರದೇಶಕ್ಕೆ ಹೋಗುವವರಿಗೆ ಬೇರೆಯದೇ ಹಗ್ವನ್‌ಗಳಿವೆ. ಯುಹಾಕ್ ಮಿಸುಲ್ ಹಗ್ವನ್ ಅಂತಾರೆ. ಯುಹಾಕ್ ಅಂದರೆ ವಿದೇಶ ವ್ಯಾಸಂಗ. ಅಲ್ಲಿ ಪ್ಲಾಸ್ಟರ್ ತಲೆ ಇಲ್ಲ, ಪೋರ್ಟ್‌ಫೋಲಿಯೊ ಇದೆ, ಅಂದರೆ ತಮ್ಮದೇ ಕೆಲಸಗಳನ್ನು ಆರಿಸಿ ಜೋಡಿಸಿದ ಸಂಗ್ರಹ. ಅಮೆರಿಕದ ಶಾಲೆಗಳು ಹತ್ತು ಹದಿನೈದು ಇಪ್ಪತ್ತು ಕೆಲಸಗಳನ್ನು ಕೇಳುತ್ತವೆ. ಅದರ ಜೊತೆಗೆ ಸ್ಕೆಚ್‌ಬುಕ್ ತೋರಿಸಿ, ವಿಚಾರ ಹೇಗೆ ಬೆಳೆಯಿತು ತೋರಿಸಿ ಅನ್ನುತ್ತವೆ. ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್, ಎಲ್ಲರೂ ರಿಸ್ಡಿ ಅಂತ ಕರೆಯುವ ಶಾಲೆ, ಎಷ್ಟೋ ವರ್ಷ ಒಂದು ಸೈಕಲ್ ಬರೆದು ಕಳಿಸಿ ಅಂತ ಕೇಳುತ್ತಿತ್ತು. ಕಡ್ಡಿ ಎಣಿಸಿ ಬರೆದವರೂ ಇದ್ದರು, ಬೀಳುವ ಭಯವನ್ನೇ ಬರೆದವರೂ ಇದ್ದರು. ಈಗ ಆ ಸೈಕಲ್ ಇಲ್ಲ. ನ್ಯೂಯಾರ್ಕ್‌ನ ಕೂಪರ್ ಯೂನಿಯನ್ ‘ಹೋಮ್ ಟೆಸ್ಟ್’ ಅಂತ ಮನೆಗೇ ಪ್ರಶ್ನೆ ಕಳಿಸುವುದಕ್ಕೆ ಹೆಸರಾದದ್ದು. ಅದಕ್ಕೆ ಸರಿಯುತ್ತರ ಅಂತ ಇರುವುದಿಲ್ಲ.

ಇಂಥ ಪ್ರಶ್ನೆಗೂ ತಯಾರಿ ಕೊಡುವ ಕೇಂದ್ರಗಳಿವೆ. ಅಲ್ಲೇ ನನಗೆ ಬೇಸರವಾಗುತ್ತಿದ್ದದ್ದು. ಒಂದೇ ಕೇಂದ್ರದಿಂದ ಬಂದ ಪೋರ್ಟ್‌ಫೋಲಿಯೊಗಳಲ್ಲಿ ಅದೇ ಕೆಂಪು ದಾರ, ಅದೇ ಕನ್ನಡಿ ಚೂರು, ಅದೇ ‘ಅಜ್ಜಿಯ ನೆನಪು’. ‘ನಿನ್ನ ಅಜ್ಜಿ ಹೇಗಿದ್ದರು?’ ಅಂತ ನಾನು ಒಬ್ಬನನ್ನು ಕೇಳಿದೆ. ಅವನು ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ, ಅಜ್ಜಿ ಬುಸಾನ್‌ನಲ್ಲಿದ್ದಾರೆ, ಚೆನ್ನಾಗಿದ್ದಾರೆ, ಆದರೆ ನನಗೆ ನಿಜವಾಗಿ ಇಷ್ಟ ಬಸ್ ನಿಲ್ದಾಣಗಳು ಅಂದ. ಅವನ ಫೋನ್ ತುಂಬ ಖಾಲಿ ಬಸ್ ನಿಲ್ದಾಣಗಳ ಫೋಟೊ ಇತ್ತು. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಅವು ಪೋರ್ಟ್‌ಫೋಲಿಯೊದಲ್ಲಿ ಒಂದೂ ಇರಲಿಲ್ಲ. ಅವತ್ತು ಇಬ್ಬರೂ ಕೂತು ಬರಹವನ್ನು ಮೊದಲಿನಿಂದ ಬರೆದೆವು.

ನಾನು ಹೇಳುತ್ತಿರುವುದು ಇಷ್ಟು. ಇಂಥ ಮಗು ವಿದೇಶಿ ಶಾಲೆಗೆ ಹೋದಾಗ ಮೊದಲು ಎದುರಾಗುವುದು ಕ್ರಿಟಿಕ್. ಕ್ರಿಟ್ ಅಂತ ಚಿಕ್ಕದಾಗಿ ಕರೆಯುತ್ತಾರೆ. ಗೋಡೆಗೆ ಕೆಲಸ ಹಚ್ಚಿ ಎಲ್ಲರೂ ಸುತ್ತ ಕೂರುತ್ತಾರೆ. ಮೇಷ್ಟ್ರು ಪೆನ್ಸಿಲ್ ಮುಟ್ಟುವುದೇ ಇಲ್ಲ. ‘ಇದು ಯಾಕೆ ಇಷ್ಟು ದೊಡ್ಡದು?’ ಅಂತ ಕೇಳಿ ಸುಮ್ಮನಾಗುತ್ತಾರೆ. ಕೊರಿಯಾದ ಮಕ್ಕಳು ಅಲ್ಲಿ ಮಾತಾಡುವುದಿಲ್ಲ, ಸಂಕೋಚದವರು ಅನ್ನುವ ಮಾತು ತುಂಬ ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಸಂಕೋಚ ಅಲ್ಲ. ಇಲ್ಲಿವರೆಗೆ ಉತ್ತರ ಇನ್ನೊಬ್ಬರ ಕೈಯಿಂದ ಬರುತ್ತಿತ್ತು, ಈಗ ಅದು ನಿಂತುಹೋಗಿದೆ. ಅದಕ್ಕೆ ಒಗ್ಗಿಕೊಳ್ಳಲು ಸಮಯ ಬೇಕು. ಆ ಸಮಯ ಯಾವ ಶಾಲೆ ಕೊಡುತ್ತದೆ?

ಕೊಡುವ ಶಾಲೆಗಳಿವೆ. ರಿಸ್ಡಿಯಲ್ಲಿ ಮೊದಲ ವರ್ಷ ಎಲ್ಲರಿಗೂ ಒಂದೇ ತಳಪಾಯ. ಚಿತ್ರ, ವಿನ್ಯಾಸ, ಮೂರು ಆಯಾಮದ ಕೆಲಸ. ಅಲ್ಲಿ ನೇಚರ್ ಲ್ಯಾಬ್ ಅಂತ ಇದೆ. 1937ರಿಂದ ಇರುವ ಸಂಗ್ರಹ. ಮೂಳೆ, ಚಿಪ್ಪು, ಚಿಟ್ಟೆ, ತುಂಬಿಟ್ಟ ಹಕ್ಕಿಗಳು. ಅಲ್ಲಿ ಕೂತು ಬರೆಯಬಹುದು. ಅಗ್ರಿಪ್ಪನನ್ನು ಬರೆದ ಕೈಗೆ ಅದೊಂದು ಹಬ್ಬ. ಷಿಕಾಗೋದ ಸ್ಕೂಲ್ ಆಫ್ ದಿ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಅಂಕಗಳೇ ಇಲ್ಲ, ಪಾಸಾದೆ ಅಥವಾ ಪಾಸಾಗಲಿಲ್ಲ, ಅಷ್ಟೆ. ಇಂಥ ವಿಭಾಗವೇ ಅಂತ ಆರಿಸಿಕೊಳ್ಳಬೇಕಾಗಿಯೂ ಇಲ್ಲ. ಕೆಲವರಿಗೆ ಆ ಸ್ವಾತಂತ್ರ್ಯ ರೆಕ್ಕೆ ಕೊಡುತ್ತದೆ. ಸುನಂಗ್‌ನ ನೆರಳಲ್ಲಿ ಬೆಳೆದ ಇನ್ನು ಕೆಲವರು ಅಂಕವಿಲ್ಲದೆ ತಾವು ಎಲ್ಲಿದ್ದೇವೆ ಅಂತ ತಿಳಿಯದೆ ಒದ್ದಾಡುತ್ತಾರೆ. ನೀವು ಯಾವ ಥರದವರು ಅಂತ ಮೊದಲೇ ಯೋಚಿಸಿ.

ದೋ ಹೋ ಸುಹ್ ಹೆಸರು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಬಟ್ಟೆಯಲ್ಲಿ ಇಡೀ ಮನೆಗಳನ್ನು ಹೊಲಿಯುವವರು. ಅವರ ತಂದೆ ಸುಹ್ ಸೆ-ಓಕ್ ಕೊರಿಯಾದ ಪ್ರಸಿದ್ಧ ಮಸಿಚಿತ್ರ ಕಲಾವಿದರು. ದೋ ಹೋ ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಪೌರ್ವಾತ್ಯ ಚಿತ್ರಕಲೆಯಲ್ಲಿ ಡಿಗ್ರಿ ಮಾಡಿದರು, ಮಾಸ್ಟರ್ಸ್ ಕೂಡ ಮಾಡಿದರು. ಸೈನ್ಯದ ಸೇವೆಯೂ ಮುಗಿದಿತ್ತು. 1991ರಲ್ಲಿ ಅಮೆರಿಕಕ್ಕೆ ಹೋದಾಗ ಅವರು ಸೇರಿದ್ದು ಎಲ್ಲಿಗೆ ಗೊತ್ತಾ? ರಿಸ್ಡಿಯ ಡಿಗ್ರಿಗೆ. ಮಾಸ್ಟರ್ಸ್ ಮುಗಿಸಿದವರು ಮತ್ತೆ ಡಿಗ್ರಿಗೆ! 1994ರಲ್ಲಿ ಅಲ್ಲಿ ಚಿತ್ರಕಲೆ ಮುಗಿಸಿ, ಯೇಲ್‌ಗೆ ಹೋಗಿ 1997ರಲ್ಲಿ ಶಿಲ್ಪದಲ್ಲಿ ಇನ್ನೊಂದು ಮಾಸ್ಟರ್ಸ್ ಮಾಡಿದರು. ರಿಸ್ಡಿಯಲ್ಲಿದ್ದಾಗಲೇ ಸೈನಿಕರು ಕೊರಳಲ್ಲಿ ಹಾಕುವ ಲೋಹದ ಬಿಲ್ಲೆಗಳನ್ನು ಜೋಡಿಸಿ ಒಂದು ಜಾಕೆಟ್ ಮಾಡಿದ್ದರು. ಅದೇ ವಿಚಾರ ಬೆಳೆದು ಸಾವಿರಾರು ಬಿಲ್ಲೆಗಳ ದೊಡ್ಡ ಕವಚವಾಯಿತು. 2001ರಲ್ಲಿ ಅವರು ವೆನಿಸ್ ಬಿಯೆನಾಲೆಯಲ್ಲಿ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನದಲ್ಲಿ, ಕೊರಿಯಾವನ್ನು ಪ್ರತಿನಿಧಿಸಿದರು. ತಂದೆ ಕಟ್ಟಿಸಿದ ಸಿಯೋಲ್‌ನ ಮನೆಯನ್ನು ತೆಳು ರೇಷ್ಮೆಯಲ್ಲಿ ಹೊಲಿದದ್ದು 1999ರಲ್ಲಿ. ಅಂದರೆ ಅಮೆರಿಕಕ್ಕೆ ಹೋದ ಮೇಲೆ ಎಂಟನೇ ವರ್ಷ. ಈ ಲೆಕ್ಕ ನನಗೆ ಮುಖ್ಯ ಅನಿಸುತ್ತದೆ. ಅಷ್ಟು ತರಬೇತಿ ಇದ್ದವರಿಗೇ ಅಷ್ಟು ಕಾಲ ಬೇಕಾಯಿತು.

ಈಗ ದುಡ್ಡಿನ ಮಾತು. ಕಲೆಯ ಮಾತಾಡುವಾಗ ದುಡ್ಡಿನ ಮಾತು ಬೇಡ ಅಂತ ಕೆಲವರಿಗೆ ಅನಿಸುತ್ತದೆ. ನನಗೆ ಹಾಗಲ್ಲ. ಅಮೆರಿಕದ ದೊಡ್ಡ ಖಾಸಗಿ ಕಲಾಶಾಲೆಗಳಲ್ಲಿ ಬರೀ ಬೋಧನಾ ಶುಲ್ಕವೇ ವರ್ಷಕ್ಕೆ 50 ಸಾವಿರ ಡಾಲರ್ ದಾಟಿದೆ. ರಿಸ್ಡಿಯಲ್ಲಿ 60 ಸಾವಿರವೂ ದಾಟಿದೆ. ಅದರ ಮೇಲೆ ರೂಮು, ಊಟ, ವಿಮೆ. ಮತ್ತೆ ಬಣ್ಣ, ಮರ, ಲೋಹ, ಪ್ರಿಂಟ್. ಸಾಮಗ್ರಿಯ ಖರ್ಚು ಯಾರೂ ಮೊದಲು ಹೇಳುವುದಿಲ್ಲ, ಕೊನೆಯ ವರ್ಷ ಅದೇ ಜಾಸ್ತಿ ಆಗುತ್ತದೆ. ಕೂಪರ್ ಯೂನಿಯನ್ 1859ರಲ್ಲಿ ಶುರುವಾದ ಶಾಲೆ, ತಲೆಮಾರುಗಳ ಕಾಲ ಎಲ್ಲರಿಗೂ ಉಚಿತವಾಗಿತ್ತು. 2014ರಲ್ಲಿ ಅದೂ ಶುಲ್ಕ ತಗೊಳ್ಳಲು ಶುರುಮಾಡಿತು. ಮತ್ತೆ ಉಚಿತ ಮಾಡುವತ್ತ ಹೆಜ್ಜೆ ಇಡುತ್ತಿದೆ, 2024ರಲ್ಲಿ ಕೊನೆಯ ವರ್ಷದವರ ಶುಲ್ಕ ಬಿಡುವುದಾಗಿ ಹೇಳಿತು. ಸೀಟು ಮಾತ್ರ ತುಂಬ ಕಡಿಮೆ.

ಕೊರಿಯಾದ ಅಪ್ಪ ಅಮ್ಮಂದಿರಿಗೆ ಇನ್ನೊಂದು ಭಯ ಇದೆ. ಅದು ಡಾಲರ್ ಬೆಲೆಯ ಭಯ. 1997ರ ಕೊನೆಯಲ್ಲಿ ಏಷ್ಯಾದ ಆರ್ಥಿಕ ಕುಸಿತ ಬಂದಾಗ, ಒಂದು ಡಾಲರ್‌ಗೆ 900ರ ಆಸುಪಾಸಿನಲ್ಲಿದ್ದ ಕೊರಿಯಾದ ನಾಣ್ಯ ವಾನ್ ಕೆಲವೇ ವಾರಗಳಲ್ಲಿ 2000ದ ಹತ್ತಿರ ಹೋಯಿತು. ಮನೆಯವರು ಕಳಿಸುವ ದುಡ್ಡು ಒಮ್ಮೆಲೇ ಅರ್ಧವಾದ ಹಾಗೆ. ಓದು ಅರ್ಧಕ್ಕೆ ಬಿಟ್ಟು ಎಷ್ಟೋ ಮಕ್ಕಳು ವಾಪಸು ಬಂದರು. ಅವತ್ತು ವಾಪಸು ಬಂದವರೇ ಈಗ ಅಪ್ಪ ಅಮ್ಮಂದಿರಾಗಿದ್ದಾರೆ. ಅವರ ಎಚ್ಚರಿಕೆಯನ್ನು ಜಿಪುಣತನ ಅನ್ನಬೇಡಿ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಅವಳಿಗೆ ಎರಡು ಪತ್ರ ಬಂದವು. ಒಂದು ನ್ಯೂಯಾರ್ಕ್‌ನ ಶಾಲೆ, ಸಿಯೋಲ್‌ನಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು, ಸ್ಕಾಲರ್‌ಶಿಪ್ ಇಲ್ಲ. ಇನ್ನೊಂದು ಒಳನಾಡಿನ ಒಂದು ಊರಿನ ಶಾಲೆ, ಅರ್ಧದಷ್ಟು ಸ್ಕಾಲರ್‌ಶಿಪ್. ಅವಳ ಅಮ್ಮ ಲ್ಯಾಪ್‌ಟಾಪ್ ತಂದು ನನ್ನ ಮೇಜಿನ ಮೇಲೆ ಇಟ್ಟರು. ನಾಲ್ಕು ವರ್ಷದ ಲೆಕ್ಕ ಹಾಕಿದ್ದರು. ಶುಲ್ಕ ಪ್ರತಿ ವರ್ಷ ಸ್ವಲ್ಪ ಏರುತ್ತದೆ ಅಂತ ಸೇರಿಸಿದ್ದರು. ವಾನ್ ಬಿದ್ದರೆ ಏನು ಅಂತ ಬೇರೆಯೇ ಒಂದು ಸಾಲು ಇತ್ತು. ನ್ಯೂಯಾರ್ಕ್‌ನ ಸಾಲಿನಲ್ಲಿ ಮೂರನೇ ವರ್ಷದ ಮಧ್ಯದಿಂದ ಅಂಕಿಗಳು ಕೆಂಪಾಗಿದ್ದವು. ಹುಡುಗಿ ಅದನ್ನು ನೋಡಿ, ‘ಆ ಹೊತ್ತಿಗೆ ಏನಾದರೂ ದಾರಿ ಸಿಗುತ್ತೆ ಅಲ್ವಾ?’ ಅಂದಳು. ಅಮ್ಮ ಏನೂ ಹೇಳಲಿಲ್ಲ. ನಾನು ಒಂದೇ ಪ್ರಶ್ನೆ ಕೇಳಿದೆ. ‘ನಾಲ್ಕನೇ ವರ್ಷ ನೀನು ಏನು ಮಾಡಬೇಕು ಅಂತಿದ್ದೀಯ?’ ಅವಳು ತಡಮಾಡದೆ, ದೊಡ್ಡ ಮಗ್ಗ ಬೇಕು, ಗೋಡೆಯಷ್ಟು ಅಗಲದ್ದು ನೇಯಬೇಕು ಅಂದಳು. ಇಬ್ಬರೂ ಸೇರಿ ಎರಡೂ ಶಾಲೆಗೆ ಪತ್ರ ಬರೆದು ಮಗ್ಗಗಳ ಬಗ್ಗೆ ಕೇಳಿದೆವು. ಒಳನಾಡಿನ ಶಾಲೆಯಲ್ಲಿ ಕೊನೆಯ ವರ್ಷದವರಿಗೆ ತಲಾ ಒಂದು ಮಗ್ಗ, ರಾತ್ರಿಯಿಡೀ ಬಾಗಿಲು ತೆರೆದಿರುತ್ತದೆ. ನ್ಯೂಯಾರ್ಕ್‌ನಲ್ಲಿ ಜಾಗ ಕಡಿಮೆ, ಸರದಿ ಹಚ್ಚಬೇಕು. ಅವಳು ಒಳನಾಡಿಗೆ ಹೋದಳು. ಊರಲ್ಲಿ ನೆಂಟರಿಗೆಲ್ಲ ಶಾಲೆಯ ಹೆಸರು ಎರಡು ಸಲ ಹೇಳಬೇಕಾಯಿತು, ಅಷ್ಟೆ.

ಈ ನೆಂಟರ ಮಾತು ಸುಮ್ನೆ ಹೇಳಿದ್ದಲ್ಲ. ಕೊರಿಯಾದಲ್ಲಿ ಯಾವ ಕಾಲೇಜಿನಲ್ಲಿ ಓದಿದೆ ಅನ್ನುವುದು ಜೀವನಪೂರ್ತಿ ಬೆನ್ನಿಗಿರುತ್ತದೆ. ಹಾಕ್‌ಬಲ್ ಅಂತಾರೆ. ಕೆಲಸಕ್ಕೆ, ಮದುವೆಗೆ, ಗ್ಯಾಲರಿಯಲ್ಲಿ ಪರಿಚಯಕ್ಕೆ ಎಲ್ಲಕ್ಕೂ ಬರುತ್ತದೆ. ವಾಪಸು ಬಂದು ಸಿಯೋಲ್‌ನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಬೇಕು ಅಂತಿರುವವರಿಗೆ ಶಾಲೆಯ ಹೆಸರು ಬೇಕಾಗುತ್ತದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಅರ್ಧಕ್ಕೆ ಬಿಟ್ಟ ದೊಡ್ಡ ಶಾಲೆಯ ಹೆಸರು ಯಾರಿಗೂ ಉಪಯೋಗವಿಲ್ಲ.

ಹುಡುಗರಿಗೆ ಇನ್ನೊಂದು ಲೆಕ್ಕ ಇದೆ. ಸೈನ್ಯ. ಕೊರಿಯಾದ ಗಂಡುಮಕ್ಕಳಿಗೆ ಕಡ್ಡಾಯ ಸೇವೆ, ಭೂಸೇನೆಯಲ್ಲಾದರೆ ಈಗ 18 ತಿಂಗಳು. ಸೇವೆ ಮುಗಿಸದವರು 25 ತುಂಬುವ ವರ್ಷದಿಂದ ಹೊರದೇಶದಲ್ಲಿರಬೇಕಾದರೆ ಸೇನಾ ಆಡಳಿತದ ಅನುಮತಿ ಬೇಕು. ಹಾಗಾಗಿ ಹೆಚ್ಚಿನ ಹುಡುಗರು ಒಂದು ಇಲ್ಲವೇ ಎರಡು ವರ್ಷ ಓದಿ, ರಜೆ ಹಾಕಿ, ಊರಿಗೆ ಬಂದು ಸೇವೆ ಮುಗಿಸಿ ಮತ್ತೆ ಹೋಗುತ್ತಾರೆ. ಹೋದಾಗ ಜೊತೆಗಾರರೆಲ್ಲ ಮುಂದಿನ ತರಗತಿಯಲ್ಲಿರುತ್ತಾರೆ. ನಾನು ಗಮನಿಸಿದ್ದು ಏನೆಂದರೆ, ಮೊದಲ ವರ್ಷ ಮುಗಿದ ಕೂಡಲೇ ಹೋಗಿ ಬಂದವರು ಚೆನ್ನಾಗಿ ನಿಭಾಯಿಸುತ್ತಾರೆ. ಮೂರನೇ ವರ್ಷದ ಮಧ್ಯೆ, ಕೆಲಸ ಕುದುರುತ್ತಿರುವಾಗ ಎದ್ದು ಹೋದವರಿಗೆ ಕಷ್ಟ. ಹಾಗಾಗಿ ಶಾಲೆಯನ್ನು ಕೇಳಬೇಕಾದ ಪ್ರಶ್ನೆ, ಎರಡು ವರ್ಷ ರಜೆ ಕೊಟ್ಟರೆ ನನ್ನ ಸ್ಕಾಲರ್‌ಶಿಪ್ ಉಳಿಯುತ್ತಾ? ಸೀಟು ಕಾದಿರಿಸುತ್ತೀರಾ? ಅದನ್ನು ಬರಹದಲ್ಲಿ ಕೇಳಿ ಪಡೆಯಬೇಕು.

ಬ್ರಿಟನ್ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಒಂದು ವರ್ಷದ ಫೌಂಡೇಶನ್, ಆಮೇಲೆ ಮೂರು ವರ್ಷದ ಡಿಗ್ರಿ. ಲಂಡನ್ನಿನ ಕಲಾಶಾಲೆ ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಹೆಸರು ಫ್ಯಾಷನ್ ಓದುವವರ ಬಾಯಲ್ಲಿ ಯಾವಾಗಲೂ ಇರುತ್ತದೆ. ಹೊರದೇಶದವರಿಗೆ ಶುಲ್ಕ ವರ್ಷಕ್ಕೆ 25 ಸಾವಿರ ಪೌಂಡ್ ದಾಟಿದೆ. ಡಿಗ್ರಿ ಬೇಗ ಮುಗಿಯುತ್ತದೆ, ಅದೇ ಅದರ ಅನುಕೂಲ, ಅದೇ ತೊಂದರೆ. ಫೌಂಡೇಶನ್ ವರ್ಷವನ್ನು ಮಾತ್ರ ನಾನು ಮನಸಾರೆ ಮೆಚ್ಚುತ್ತೇನೆ. ಇಪ್ಸಿ ಮಿಸುಲ್‌ನಿಂದ ಬಂದವರಿಗೆ ಕೈ ಸಡಿಲ ಮಾಡಿಕೊಳ್ಳಲು ಅದು ಹೇಳಿ ಮಾಡಿಸಿದ ಹಾಗಿದೆ.

ಜರ್ಮನಿ ಬೇರೆಯೇ ಲೋಕ. ಅಲ್ಲಿನ ಸರ್ಕಾರಿ ಕಲಾ ಅಕಾಡೆಮಿಗಳಲ್ಲಿ ಬೋಧನಾ ಶುಲ್ಕ ಬಹುತೇಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ಯುರೋಪಿನ ಹೊರಗಿನವರಿಂದ ಸೆಮಿಸ್ಟರ್‌ಗೆ 1500 ಯೂರೋ ತಗೊಳ್ಳುತ್ತಿದೆ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ ಅಕಾಡೆಮಿಗಳು ಆ ರಾಜ್ಯದವು. ವೀಸಾಕ್ಕೆ ಒಂದು ವರ್ಷದ ಖರ್ಚನ್ನು, ಈಗ 11,904 ಯೂರೋ, ಮುಂಚೆಯೇ ಒಂದು ಖಾತೆಯಲ್ಲಿ ಇಟ್ಟು ತೋರಿಸಬೇಕು. ಅಮೆರಿಕದ ಮೂರು ತಿಂಗಳ ಲೆಕ್ಕದಲ್ಲಿ ಇಲ್ಲಿ ವರ್ಷ ಕಳೆಯುತ್ತದೆ.

ಆದರೆ ಅಲ್ಲಿ ನೀವು ಸೇರುವುದು ಶಾಲೆಗಿಂತ ಜಾಸ್ತಿ ಒಬ್ಬ ಗುರುವಿನ ತರಗತಿಗೆ. ಕ್ಲಾಸೆ ಅಂತಾರೆ. ಒಬ್ಬ ಪ್ರೊಫೆಸರ್, ಅವರ ಸುತ್ತ ಮೊದಲ ವರ್ಷದವರಿಂದ ಕೊನೆಯ ವರ್ಷದವರವರೆಗೆ ಒಂದೇ ಸ್ಟುಡಿಯೊದಲ್ಲಿ. ಸಿಲಬಸ್ ಇಲ್ಲ, ಮನೆಕೆಲಸ ಇಲ್ಲ. ಪ್ರೊಫೆಸರ್ ತಿಂಗಳಿಗೊಮ್ಮೆ ಬಂದರೂ ಬಂದರು. ಅರ್ಜಿಯ ಜೊತೆ ಮಾಪೆ ಕೊಡಬೇಕು, ಅಂದರೆ ನಿಮ್ಮ ಕೆಲಸಗಳ ಕಟ್ಟು. ಅದು ಪಾಸಾದರೂ ಒಬ್ಬ ಪ್ರೊಫೆಸರ್ ನಿಮ್ಮನ್ನು ತಮ್ಮ ಕ್ಲಾಸೆಗೆ ಸೇರಿಸಿಕೊಳ್ಳಬೇಕು. ಹಾಗಾಗಿ ಊರು ನೋಡಿ, ಕಟ್ಟಡ ನೋಡಿ ಹೋಗಬೇಡಿ. ಆ ಗುರು ಇನ್ನೆಷ್ಟು ವರ್ಷ ಅಲ್ಲಿರುತ್ತಾರೆ, ನಿವೃತ್ತಿ ಹತ್ತಿರವಿದೆಯಾ ಅಂತ ನೋಡಿ. ವೀಡಿಯೊ ಕಲೆಯ ನಾಮ್ ಜೂನ್ ಪೈಕ್ ಹುಟ್ಟಿದ್ದು 1932ರಲ್ಲಿ ಸಿಯೋಲ್‌ನಲ್ಲಿ. 1956ರಲ್ಲಿ ಸಂಗೀತ ಓದಲು ಜರ್ಮನಿಗೆ ಹೋದವರು ಅವರು. 1979ರಿಂದ ಎಷ್ಟೋ ವರ್ಷ ಡುಸೆಲ್ಡಾರ್ಫ್ ಅಕಾಡೆಮಿಯಲ್ಲಿ ಪ್ರೊಫೆಸರ್ ಆಗಿದ್ದರು. ಅಂಥ ಗುರು ಇರುವಾಗ ಸೇರುವುದಕ್ಕೂ ಅವರು ಬಿಟ್ಟ ಮರುವರ್ಷ ಸೇರುವುದಕ್ಕೂ ಎಷ್ಟು ವ್ಯತ್ಯಾಸ, ಅಲ್ವಾ?

ಹೇಗ್ಯೂ ಯಾಂಗ್ ಎಂಬ ಕಲಾವಿದೆ 1994ರಲ್ಲಿ ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯ ಮುಗಿಸಿ ಫ್ರಾಂಕ್‌ಫರ್ಟ್‌ನ ಕಲಾಶಾಲೆ ಸ್ಟೇಡೆಲ್‌ಶೂಲೆಗೆ ಹೋದರು. 1999ರಲ್ಲಿ ಅಲ್ಲಿ ಮುಗಿಸಿದರು. ಅವರ ಒಂದು ಕೆಲಸ ನನಗೆ ತುಂಬ ಇಷ್ಟ. 2004ರಲ್ಲಿ ಮಾಡಿದ್ದು. ಹಳೆಯ ಕೆಲಸಗಳನ್ನು ಇಡಲು ಅವರಿಗೆ ಜಾಗವಿರಲಿಲ್ಲ. ಪರದೇಶದಲ್ಲಿ ಬಾಡಿಗೆ ಗೋದಾಮಿಗೆ ದುಡ್ಡೆಲ್ಲಿ? ಎಲ್ಲವನ್ನೂ ಸುತ್ತಿ, ಪೆಟ್ಟಿಗೆಗೆ ಹಾಕಿ, ಪ್ಯಾಲೆಟ್ ಮೇಲೆ ಒಟ್ಟಿ ಆ ರಾಶಿಯನ್ನೇ ಲಂಡನ್ನಿನ ಪ್ರದರ್ಶನದಲ್ಲಿ ಇಟ್ಟುಬಿಟ್ಟರು. ಪ್ಯಾಲೆಟ್ ಮೇಲಿನ ಆ ಕಟ್ಟುಗಳನ್ನು ನೋಡಿದರೆ ಪರದೇಶದಲ್ಲಿ ಕಲೆ ಮಾಡುವುದು ಏನು ಅಂತ ತಿಳಿಯುತ್ತದೆ. 2009ರಲ್ಲಿ ವೆನಿಸ್‌ನ ಕೊರಿಯಾ ಪೆವಿಲಿಯನ್ ಪೂರ್ತಿ ಅವರದಾಗಿತ್ತು. 2017ರಲ್ಲಿ ತಾವು ಓದಿದ ಸ್ಟೇಡೆಲ್‌ಶೂಲೆಗೇ ಪ್ರೊಫೆಸರ್ ಆದರು.

ಜರ್ಮನಿಗೆ ಹೋಗುವವರಿಗೆ ಭಾಷೆಯ ವರ್ಷ ಬೇರೆ ಬೇಕು. ಜಪಾನಿಗೂ ಹಾಗೇ. ಟೋಕಿಯೊ ಕಲಾ ವಿಶ್ವವಿದ್ಯಾಲಯದ ಶುಲ್ಕ ವರ್ಷಕ್ಕೆ 6,42,960 ಯೆನ್, ಅಮೆರಿಕದ ಹತ್ತನೇ ಒಂದು ಪಾಲೂ ಅಲ್ಲ. ಸಿಯೋಲ್‌ನಿಂದ ಎರಡೂವರೆ ಗಂಟೆಯ ವಿಮಾನ. ಕೊರಿಯಾದ ಮೊದಲ ತೈಲವರ್ಣ ಕಲಾವಿದೆ ನಾ ಹ್ಯೆ-ಸೊಕ್ 1913ರಲ್ಲಿ ಕಲೆ ಓದಲು ಹೋದದ್ದು ಟೋಕಿಯೊಗೇ. ಅವತ್ತು ಅವರಿಗೆ ಬೇರೆ ದಾರಿ ಇರಲಿಲ್ಲ, ದೇಶವೇ ಜಪಾನಿನ ಕೈಯಲ್ಲಿತ್ತು.

ಫ್ರಾನ್ಸ್ ಹೆಸರು ಬಂದಾಗ ನನಗೆ ಕಿಮ್‌ಸೂಜಾ ನೆನಪಾಗುತ್ತಾರೆ. ಬಣ್ಣಬಣ್ಣದ ಹೊದಿಕೆಯ ಗಂಟುಗಳನ್ನು ಲಾರಿಯ ಮೇಲೆ ಹೇರಿಕೊಂಡು ಊರೂರು ತಿರುಗಿದ ಕಲಾವಿದೆ. ಅವರು ಹೊಂಗಿಕ್‌ನಲ್ಲಿ ಮಾಸ್ಟರ್ಸ್ ಮುಗಿಸಿ 1984ರಲ್ಲಿ ಪ್ಯಾರಿಸ್‌ನ ಬೋಜಾರ್ ಕಲಾಶಾಲೆಗೆ ಕಲ್ಲಚ್ಚು ಕಲಿಯಲು ಹೋದರು, ಸ್ವಲ್ಪ ಕಾಲ ಮಾತ್ರ ಇದ್ದರು. ಸೂಜಿ ಮತ್ತು ಬಟ್ಟೆ ತಮ್ಮ ದಾರಿ ಅಂತ ಅವರಿಗೆ ಹೊಳೆದದ್ದು ಅದಕ್ಕೂ ಒಂದು ವರ್ಷ ಮೊದಲು, ಮನೆಯಲ್ಲಿ ಅಮ್ಮನ ಜೊತೆ ಕೂತು ಹೊದಿಕೆ ಹೊಲಿಯುವಾಗ. ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರೂ ಹೀಗೇ. ಮುಂಬಯಿಯ ಜೆ.ಜೆ. ಶಾಲೆಯಲ್ಲಿ ಕೈ ಪಳಗಿಸಿಕೊಂಡ ಮೇಲೆ, 1949ರ ಸುಮಾರಿಗೆ ಪ್ಯಾರಿಸ್‌ನ ಅಕಾಡೆಮಿ ಜೂಲಿಯನ್‌ಗೆ ಹೋಗಿ ಬಂದರು. ದಾರಿ ಗೊತ್ತಾದವರು ಸ್ವಲ್ಪ ಕಾಲಕ್ಕೆ ಹೋದರೂ ಸಾಕು. ಹದಿನೆಂಟನೇ ವಯಸ್ಸಿನಲ್ಲೇ ಹೋಗಬೇಕು ಅಂತಿಲ್ಲ.

ಹೋಗಲೇಬೇಕು ಅಂತಲೂ ಇಲ್ಲ. ಲೀ ಬುಲ್ 1987ರಲ್ಲಿ ಹೊಂಗಿಕ್‌ನಲ್ಲಿ ಶಿಲ್ಪ ಮುಗಿಸಿ ಸಿಯೋಲ್‌ನಲ್ಲೇ ಕೆಲಸ ಮಾಡಿದರು. 2024ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನ ಮುಂಭಾಗದ ಗೂಡುಗಳಲ್ಲಿ ನಿಂತದ್ದು ಅವರ ಶಿಲ್ಪಗಳು. 1995ರಿಂದ ಗ್ವಾಂಗ್ಜು ಬಿಯೆನಾಲೆ ಇದೆ. 2022ರಿಂದ ಫ್ರೀಜ್ ಕಲಾಮೇಳ ಸಿಯೋಲ್‌ಗೇ ಬರುತ್ತಿದೆ. ಲೋಕವೇ ಅಲ್ಲಿಗೆ ಬರುತ್ತಿರುವಾಗ, ಸಾಲ ಮಾಡಿ ಹೊರಡುವ ಮೊದಲು ಇದನ್ನೂ ತಕ್ಕಡಿಯಲ್ಲಿ ಇಡಬೇಕು ಅಂತ ನಾನು ಅಪ್ಪ ಅಮ್ಮಂದಿರಿಗೆ ಹೇಳುತ್ತಿದ್ದೆ.

ಇನ್ನೊಂದು ವಿಷಯ, ಹತ್ತು ವರ್ಷದ ಹಿಂದೆ ಯಾರೂ ಕೇಳದ ಪ್ರಶ್ನೆ. ಶಾಲೆ ನಾಲ್ಕು ವರ್ಷ ಬದುಕಿರುತ್ತಾ? ಸ್ಯಾನ್ ಫ್ರಾನ್ಸಿಸ್ಕೊ ಆರ್ಟ್ ಇನ್‌ಸ್ಟಿಟ್ಯೂಟ್ 1871ರದು, 2022ರಲ್ಲಿ ಪಾಠ ನಿಂತಿತು. ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ 2024ರ ಮೇ 31ರಂದು ಮುಚ್ಚುತ್ತೇವೆ ಅಂತು, ಜೂನ್ 7ಕ್ಕೆ ಮುಚ್ಚಿಯೇಬಿಟ್ಟಿತು. ಒಂದು ವಾರ! ವಿದ್ಯಾರ್ಥಿ ವೀಸಾದ ಮೇಲಿರುವ ಮಗುವಿಗೆ ಶಾಲೆ ಮುಚ್ಚಿದರೆ ಓದಷ್ಟೇ ಅಲ್ಲ, ಆ ದೇಶದಲ್ಲಿ ಇರುವ ಹಕ್ಕೂ ಅಲುಗಾಡುತ್ತದೆ. ಅಲ್ಲಿನ ಮಕ್ಕಳು ಬೇರೆ ಶಾಲೆ ಹುಡುಕಿಕೊಂಡು ಓಡಾಡಿದರು. ಚಿಕ್ಕ ಶಾಲೆ ಅಂದರೆ ಹೆದರಬೇಕು ಅಂತಲ್ಲ. ಆದರೆ ಸೇರುವವರ ಸಂಖ್ಯೆ ವರ್ಷ ವರ್ಷ ಇಳಿಯುತ್ತಿದೆಯಾ, ಕಟ್ಟಡ ಮಾರುತ್ತಿದ್ದಾರಾ, ವಿಭಾಗ ಮುಚ್ಚುತ್ತಿದ್ದಾರಾ ಅಂತ ಅಲ್ಲಿನ ಸ್ಥಳೀಯ ಪತ್ರಿಕೆಗಳಲ್ಲಿ ನೋಡಿ. ಶಾಲೆಯ ಬಣ್ಣದ ಕೈಪಿಡಿಯಲ್ಲಿ ಅದು ಇರುವುದಿಲ್ಲ.

ಓದು ಮುಗಿದ ಮೇಲೆ ಅಲ್ಲೇ ಸ್ವಲ್ಪ ಕಾಲ ಇರಬಹುದಾ ಅನ್ನುವುದೂ ಇದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಒಂದು ವರ್ಷ ಕೆಲಸ ಮಾಡಬಹುದು. ಆನಿಮೇಶನ್‌ನಂಥ ಕೆಲವು ಕೋರ್ಸ್ ವಿಜ್ಞಾನ ತಂತ್ರಜ್ಞಾನದ ಪಟ್ಟಿಯಲ್ಲಿದ್ದರೆ ಇನ್ನೂ ಎರಡು ವರ್ಷ. ಬ್ರಿಟನ್‌ನಲ್ಲಿ ಎರಡು ವರ್ಷ ಇದ್ದದ್ದು 2027ರ ಜನವರಿಯಿಂದ 18 ತಿಂಗಳಾಗುತ್ತಿದೆ. ನಿಯಮ ಬದಲಾಗುತ್ತಲೇ ಇರುತ್ತದೆ. ಅದೊಂದನ್ನೇ ನಂಬಿ ಶಾಲೆ ಆರಿಸಬೇಡಿ.

ಹಾಗಾದರೆ ಯಾರನ್ನು ಕೇಳಬೇಕು? ಕೊರಿಯಾದಲ್ಲಿ ಸನ್‌ಬೆ ಅಂತಾರೆ, ಅಂದರೆ ಹಿರಿಯ ವಿದ್ಯಾರ್ಥಿ. ಎಲ್ಲ ದೊಡ್ಡ ಕಲಾಶಾಲೆಯಲ್ಲೂ ಕೊರಿಯಾದ ಸನ್‌ಬೆಗಳು ಇರುತ್ತಾರೆ, ತಮ್ಮ ಊರಿನವರು ಅಂತ ಪ್ರೀತಿಯಿಂದ ಉತ್ತರ ಕೊಡುತ್ತಾರೆ. ನಮ್ಮ ಮಕ್ಕಳಿಗೂ ಅಲ್ಲಿ ಒಬ್ಬರಲ್ಲ ಒಬ್ಬರು ಸಿಕ್ಕೇ ಸಿಗುತ್ತಾರೆ. ‘ಶಾಲೆ ಹೇಗಿದೆ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅಂತ ಬರುತ್ತದೆ, ಅಷ್ಟೆ. ಬೇರೆ ಕೇಳಿ. ಹೋದ ವಾರ ನಿನ್ನ ಕೆಲಸವನ್ನು ಯಾರು ನೋಡಿದರು, ಎಷ್ಟು ಹೊತ್ತು ನೋಡಿದರು? ಕೊನೆಯ ವರ್ಷ ನಿನಗೆ ಎಷ್ಟು ಅಗಲದ ಗೋಡೆ ಕೊಟ್ಟಿದ್ದಾರೆ? ಕ್ರಿಟ್‌ನಲ್ಲಿ ಕೊನೆಯ ಸಲ ಯಾವಾಗ ಮಾತಾಡಿದೆ? ನಿನ್ನ ಜೊತೆ ಸೇರಿದವರಲ್ಲಿ ಯಾರು ಬಿಟ್ಟು ಹೋದರು, ಯಾಕೆ ಹೋದರು? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. ಪದವಿ ಪ್ರದರ್ಶನದ ಫೋಟೊಗಳನ್ನು ನೋಡಿ. ಇಪ್ಪತ್ತು ಜನರ ಕೆಲಸ ಇಪ್ಪತ್ತು ಥರ ಇದೆಯಾ, ಇಲ್ಲ ಒಬ್ಬ ಮೇಷ್ಟ್ರ ಕೆಲಸದ ಹಾಗೆ ಇದೆಯಾ ಅಂತ ನೋಡಿ.

ಅಮೆರಿಕದ ಶಾಲೆಗಳ ಪತ್ರ ಹೆಚ್ಚಾಗಿ ಮಾರ್ಚ್‌ನಲ್ಲಿ ಬರುತ್ತದೆ. ಒಪ್ಪಿಗೆ ಹೇಳಲು ಸಾಮಾನ್ಯವಾಗಿ ಮೇ 1ರವರೆಗೆ ಸಮಯ. ಆ ವಾರಗಳಲ್ಲಿ ಮನೆಯವರೆಲ್ಲ ಪಟ್ಟಿಯಲ್ಲಿ ಯಾವ ಶಾಲೆ ಎಷ್ಟನೆಯದು ಅಂತ ಹುಡುಕುತ್ತಾ ಕೂರುತ್ತಾರೆ. ಅದನ್ನು ಬಿಟ್ಟು ಶಾಲೆಗೆ ಪತ್ರ ಬರೆಯಿರಿ. ಇನ್ನೊಂದು ಶಾಲೆ ಇಷ್ಟು ಸ್ಕಾಲರ್‌ಶಿಪ್ ಕೊಟ್ಟಿದೆ, ನೀವು ಇನ್ನಷ್ಟು ಕೊಡಬಲ್ಲಿರಾ ಅಂತ ಮರ್ಯಾದೆಯಿಂದ ಕೇಳಿ. ಪ್ರತಿ ವರ್ಷ ಅದು ಮುಂದುವರಿಯಲು ಎಷ್ಟು ಅಂಕ ಬೇಕು ಅಂತಲೂ ಕೇಳಿ. ಕೊರಿಯಾದ ಮನೆಗಳಲ್ಲಿ ಹೀಗೆ ಕೇಳಲು ಮುಜುಗರ ಪಡುತ್ತಾರೆ, ನಮ್ಮಲ್ಲೂ ಅಷ್ಟೇ. ನನ್ನ ಜೊತೆ ಕೂತು ಆ ಪತ್ರ ಬರೆದವರಲ್ಲಿ ಕೆಲವರಿಗೆ ಇಲ್ಲ ಅಂತ ಬಂತು, ಕೆಲವರಿಗೆ ಇನ್ನೊಂದಿಷ್ಟು ಸಾವಿರ ಡಾಲರ್ ಸಿಕ್ಕಿತು. ಪತ್ರ ಬರೆದದ್ದಕ್ಕೆ ಸೀಟು ಕಳೆದುಕೊಂಡವರು ಯಾರೂ ಇಲ್ಲ.